ಮನೆಯ ಅಕ್ವೇರಿಯಂಗೆ ಹಿನ್ನೆಲೆ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತೊಟ್ಟಿ ಕೊಳ್ಳುವಾಗ ಮೀನು, ಫಿಲ್ಟರ್, ದೀಪ, ಮರಳು ಎಲ್ಲದರ ಬಗ್ಗೆಯೂ ನಾಲ್ಕು ಸಲ ಯೋಚಿಸುತ್ತೇವೆ. ಹಿನ್ನೆಲೆಯ ಮಾತು ಬರುವುದು ಕಟ್ಟಕಡೆಗೆ, ಅದೂ ಅಂಗಡಿಯವರು ಸುರುಳಿ ಬಿಚ್ಚುತ್ತಾ "ಹಿಂದಕ್ಕೆ ಯಾವುದು ಕೊಡಲಿ?" ಎಂದು ಕೇಳಿದಾಗ. ಅರ್ಧ ನಿಮಿಷದಲ್ಲಿ ಮುಗಿಯುವ ಆ ಆಯ್ಕೆಯ ಮುಂದೆ ಮೀನುಗಳು ವರ್ಷಗಟ್ಟಲೆ ಬದುಕುತ್ತವೆ. ಕೆಳಗಿನ ಉತ್ತರಗಳನ್ನು ನಾನು ಒಂದೇ ನಂಬಿಕೆಯಿಂದ ಬರೆದಿದ್ದೇನೆ: ಹಿನ್ನೆಲೆ ಮೊದಲು ಮೀನಿಗೆ ಗೋಡೆ, ಆಮೇಲೆ ನಮಗೆ ಚಿತ್ರ.

ಹಿನ್ನೆಲೆ ಇಲ್ಲದಿದ್ದರೆ ಏನಾಗುತ್ತದೆ? ಅದು ಬರೀ ಅಲಂಕಾರವಲ್ಲವೇ?

ನಮ್ಮ ಕಡೆಯಿಂದ ನೋಡಿದರೆ ಅಲಂಕಾರವೇ. ಗೋಡೆಯ ಬಿರುಕು, ವೈರು, ಫಿಲ್ಟರಿನ ಕೊಳವೆ ಮರೆಯಾಗುತ್ತವೆ. ಮೀನಿನ ಕಡೆಯಿಂದ ನೋಡಿದರೆ ಕಥೆ ಬೇರೆ. ಹೊಳೆ, ಕೆರೆಗಳಲ್ಲಿ ಸಣ್ಣ ಮೀನಿಗೆ ಒಂದು ಬದಿಯಲ್ಲಿ ದಡವೋ ಬೇರುಗಳೋ ಬಂಡೆಯೋ ಇರುತ್ತದೆ. ಆ ಬದಿಯಿಂದ ಯಾರೂ ಬರುವುದಿಲ್ಲ ಎಂಬ ಭರವಸೆಯಿಂದಲೇ ಅದು ತೆರೆದ ನೀರಿಗೆ ಬರುತ್ತದೆ. ನಾಲ್ಕೂ ಕಡೆ ಬರಿಯ ಗಾಜಿದ್ದರೆ ಆ ಭರವಸೆ ಇರುವುದಿಲ್ಲ. ಹಿಂದೆ ಯಾರೋ ನಡೆದು ಹೋದರೂ ನೆರಳು ಬೀಳುತ್ತದೆ, ಮೀನು ಬೆಚ್ಚುತ್ತದೆ. ಕೆಲವು ಮೀನುಗಳು ಗಾಜಿನ ಉದ್ದಕ್ಕೂ ಮೇಲೆ ಕೆಳಗೆ ಒಂದೇ ಸಮನೆ ಓಡಾಡುತ್ತಿರುತ್ತವೆ. ಇದಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ಗಾಜಿನಲ್ಲಿ ಕಾಣುವ ತಮ್ಮದೇ ಪ್ರತಿಬಿಂಬ ಒಂದು ದೊಡ್ಡ ಕಾರಣ. ಗಂಡು ಬೆಟ್ಟಾ ಮೀನು ತನ್ನ ಪ್ರತಿಬಿಂಬವನ್ನೇ ಎದುರಾಳಿ ಎಂದು ತಿಳಿದು ಕಿವಿರಿನ ಮುಚ್ಚಳ ಅಗಲಿಸಿ ನಿಲ್ಲುವುದನ್ನು ಸಾಕಿದವರೆಲ್ಲ ನೋಡಿರುತ್ತಾರೆ. ಒಂದೆರಡು ನಿಮಿಷ ನೋಡಲು ಅದು ಸೊಗಸು. ದಿನವಿಡೀ ಹಾಗೆಯೇ ನಿಂತಿದ್ದರೆ ಮೀನು ಸೊರಗುತ್ತದೆ.

ಕೋಣೆಯ ನಡುವೆ ಇಟ್ಟು ಎರಡೂ ಬದಿಯಿಂದ ನೋಡುವ ತೊಟ್ಟಿಗೆ ಮಾತ್ರ ಹಿನ್ನೆಲೆ ಹಾಕಲು ಬರುವುದಿಲ್ಲ. ಅಲ್ಲಿ ಆ ಕೆಲಸವನ್ನು ನಡುವೆ ನೆಟ್ಟ ಗಿಡಗಳೂ ಮರದ ಬೇರುಗಳೂ ಮಾಡಬೇಕು.

ಕಪ್ಪು, ನೀಲಿ, ಬಿಳಿ: ಯಾವ ಬಣ್ಣ ಒಳ್ಳೆಯದು?

ಮೊದಲ ತೊಟ್ಟಿ ಇಡುತ್ತಿರುವವರು ಕೇಳಿದರೆ ನಾನು ಕಣ್ಣು ಮುಚ್ಚಿ ಕಪ್ಪು ಎನ್ನುತ್ತೇನೆ. ಕಪ್ಪಿನ ಮುಂದೆ ಗಿಡದ ಹಸಿರು ಗಾಢವಾಗಿ ಕಾಣುತ್ತದೆ. ನಿಯಾನ್ ಟೆಟ್ರಾದ ನೀಲಿ ಗೆರೆ ಕಿಡಿಯಂತೆ ಎದ್ದು ಬರುತ್ತದೆ. ಗೋಲ್ಡ್‌ಫಿಶ್‌ನ ಕಿತ್ತಳೆ ಬಣ್ಣಕ್ಕೂ ಇದಕ್ಕಿಂತ ಒಳ್ಳೆಯ ಹಿನ್ನೆಲೆ ಇಲ್ಲ. ಹೀಟರ್ ಮತ್ತು ಕೊಳವೆಗಳು ಕಪ್ಪಾಗಿದ್ದರೆ ಅವು ಎಲ್ಲಿವೆ ಎಂದು ಹುಡುಕಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತೊಟ್ಟಿ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಬೆಳಕಿನ ವಕ್ರೀಭವನದಿಂದಾಗಿ ನೀರು ತುಂಬಿದ ತೊಟ್ಟಿ ಇರುವುದಕ್ಕಿಂತ ತೆಳ್ಳಗೆ ಕಾಣುತ್ತದೆ. ಮುಂದಿನಿಂದ ಹಿಂದಕ್ಕೆ 40 ಸೆಂಟಿಮೀಟರ್ ಇದ್ದದ್ದು ನೇರ ನಿಂತು ನೋಡಿದರೆ ಸುಮಾರು 30 ಸೆಂಟಿಮೀಟರಿನಷ್ಟೇ ಎನಿಸುತ್ತದೆ. ಹೀಗೆ ಕಳೆದುಹೋದ ಆಳವನ್ನು ಕಪ್ಪು ಹಿನ್ನೆಲೆ ಮರಳಿ ಕೊಡುತ್ತದೆ.

ಕಪ್ಪಿಗೂ ಕುಂದುಗಳಿವೆ. ನೀರಿನಲ್ಲಿ ತೇಲುವ ಕಸ, ಗಾಳಿಗುಳ್ಳೆ, ಗಾಜಿನ ಮೇಲಿನ ಗೀರು ಎಲ್ಲವೂ ಎದ್ದು ಕಾಣುತ್ತವೆ. ಕಪ್ಪು ಮೋಲಿಯೋ ಬ್ಲ್ಯಾಕ್ ಘೋಸ್ಟ್ ಮೀನೋ ಇದ್ದರೆ ಕಣ್ಣಿಗೇ ಬೀಳುವುದಿಲ್ಲ. ಪಿಜನ್ ಬ್ಲಡ್ ಜಾತಿಯ ಡಿಸ್ಕಸ್ ಸಾಕುವವರಂತೂ ಕಪ್ಪನ್ನು ಹತ್ತಿರ ಸೇರಿಸುವುದಿಲ್ಲ. ಸುತ್ತಮುತ್ತ ಗಾಢ ಬಣ್ಣವಿದ್ದರೆ ಆ ಮೀನಿನ ಮೈಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಹೆಚ್ಚುತ್ತವೆ.

ತಿಳಿ ನೀಲಿ ತೆರೆದ ನೀರಿನ ಭಾವ ಕೊಡುತ್ತದೆ, ಸಮುದ್ರದ ಮೀನುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಗಾಢ ನೀಲಿಯನ್ನು ನಾನು ಅಷ್ಟಾಗಿ ಹೇಳುವುದಿಲ್ಲ, ಅದು ಗಿಡದ ಹಸಿರಿನೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ಬಿಳಿ ಹಿನ್ನೆಲೆಯಲ್ಲಿ ಕೋಣೆಯೇ ಬೆಳಗಿದಂತಾಗುತ್ತದೆ, ಆದರೆ ಮೊದಲು ತೆಳುವಾದ ಪಾಚಿ ಕಟ್ಟಿದಾಗಲೇ ಅದು ಕೊಳಕಾಗಿ ಕಾಣಲು ತೊಡಗುತ್ತದೆ. ಕಂದು ಮತ್ತು ಬೂದು ಬಣ್ಣಗಳನ್ನು ಯಾರೂ ಕೇಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಮರದ ಬೇರು ಮತ್ತು ಒಣ ಎಲೆ ಹಾಕಿ ನೀರನ್ನು ಚಹಾದ ಬಣ್ಣಕ್ಕೆ ತಿರುಗಿಸಿದ ತೊಟ್ಟಿಗೆ ಗಾಢ ಕಂದಿನಷ್ಟು ಹೊಂದುವ ಬಣ್ಣ ಮತ್ತೊಂದಿಲ್ಲ.

ಹಣ ಕೊಡುವ ಮೊದಲು ಒಂದು ಕೆಲಸ ಮಾಡಿ. ಕಪ್ಪು, ನೀಲಿ, ಕಂದು ಡ್ರಾಯಿಂಗ್ ಹಾಳೆಗಳನ್ನು ತಂದು ಒಂದೊಂದನ್ನು ಒಂದೊಂದು ವಾರ ಹಿಂದೆ ಸಿಕ್ಕಿಸಿಡಿ. ಬೆಳಗಿನ ಬೆಳಕಿನಲ್ಲೂ ರಾತ್ರಿಯ ದೀಪದಲ್ಲೂ ನೋಡಿ. ಹಾಳೆಯಲ್ಲಿ ಬಣ್ಣ ತುಸು ಮಂಕಾಗಿಯೇ ಕಾಣುತ್ತದೆ, ಆದರೂ ಯಾವುದು ಒಪ್ಪುತ್ತದೆ ಎಂದು ನಿಮ್ಮ ಕಣ್ಣಿಗೆ ತಿಳಿದುಬಿಡುತ್ತದೆ.

ಹಿನ್ನೆಲೆಗೆ ತಕ್ಕಂತೆ ಮೀನಿನ ಬಣ್ಣವೇ ಬದಲಾಗುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ಮೀನಿನ ಚರ್ಮದಲ್ಲಿ ಮೆಲನೋಫೋರ್ ಎಂಬ ಕಪ್ಪು ವರ್ಣಕೋಶಗಳಿರುತ್ತವೆ. ಅವುಗಳೊಳಗಿನ ಕಣಗಳು ಕೋಶದ ತುಂಬ ಹರಡಿಕೊಂಡರೆ ಮೈ ಗಾಢವಾಗುತ್ತದೆ, ನಡುವಿನಲ್ಲಿ ಗುಂಪುಗೂಡಿದರೆ ಪೇಲವವಾಗುತ್ತದೆ. ಸುತ್ತಲಿನ ಬಣ್ಣವನ್ನು ಕಣ್ಣಿನಿಂದ ಅರಿತು ಮೀನು ಹೀಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಬಿಳಿ ಮರಳು, ಬಿಳಿ ಹಿನ್ನೆಲೆಯ ತೊಟ್ಟಿಗೆ ತಂದು ಬಿಟ್ಟ ಮೀನು ಸ್ವಲ್ಪ ಹೊತ್ತಿನಲ್ಲೇ ಬಿಳಿಚಿಕೊಳ್ಳುವುದು ಇದರಿಂದಲೇ. ವಾರಗಟ್ಟಲೆ ಅಲ್ಲಿಯೇ ಇದ್ದರೆ ಅನೇಕ ಜಾತಿಗಳಲ್ಲಿ ವರ್ಣಕೋಶಗಳ ಸಂಖ್ಯೆಯೂ ಬದಲಾಗುತ್ತದೆ. ಬಣ್ಣ ಬರಲಿ ಎಂದು ದುಬಾರಿ ಆಹಾರ ಹುಡುಕುವವರು ಮೊದಲು ಹಿಂದಿನ ಗಾಜನ್ನೂ ಕೆಳಗಿನ ಮರಳನ್ನೂ ಒಮ್ಮೆ ನೋಡಲಿ.

ಅಂಗಡಿಯಲ್ಲಿ ಪೋಸ್ಟರ್ ಝಗಮಗಿಸುತ್ತಿತ್ತು, ಮನೆಯಲ್ಲಿ ತೊಟ್ಟಿಯ ಹಿಂದೆ ಅಂಟಿಸಿದರೆ ಮಂಕಾಗಿದೆ. ಏಕೆ?

ಇಷ್ಟು ಸಲ ಕೇಳಲಾಗುವ ಪ್ರಶ್ನೆ ಬೇರೊಂದಿಲ್ಲ, ಆದ್ದರಿಂದ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಪ್ಪು ಪೋಸ್ಟರಿನದಲ್ಲ, ಗಾಜಿಗೂ ಪೋಸ್ಟರಿಗೂ ನಡುವೆ ಇರುವ ಗಾಳಿಯದು.

ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಕೈಯಲ್ಲಿ ಹಿಡಿದುಕೊಳ್ಳಿ. ಮೇಲಿನಿಂದ ನೀರಿನೊಳಗೆ ಇಣುಕಿ ಲೋಟದ ಒಳಬದಿಯನ್ನು ನೋಡಿ. ಬದಿ ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ, ಹಿಡಿದ ಬೆರಳೇ ಕಾಣುವುದಿಲ್ಲ. ಈಗ ಬೆರಳ ತುದಿಯನ್ನು ಒದ್ದೆ ಮಾಡಿ ಅದೇ ಜಾಗದಲ್ಲಿ ಗಟ್ಟಿಯಾಗಿ ಒತ್ತಿ. ಆ ಬೆಳ್ಳಿಯ ನಡುವೆ ಬೆರಳಿನ ಗೆರೆಗಳು ಒಂದೊಂದಾಗಿ ಮೂಡುತ್ತವೆ. ಬೆರಳು ಗಾಜಿಗೆ ನಿಜವಾಗಿ ತಾಗಿದ ಕಡೆ ಕನ್ನಡಿ ಒಡೆಯಿತು, ಗಾಳಿ ಉಳಿದ ಕಡೆ ಕನ್ನಡಿಯಾಗಿಯೇ ಇದೆ.

ಶಾಲೆಯಲ್ಲಿ ಓದಿದ ಸಂಪೂರ್ಣ ಆಂತರಿಕ ಪ್ರತಿಫಲನ ಇದೇ. ನೀರಿನಿಂದ ಗಾಜನ್ನು ದಾಟಿ ಗಾಳಿಗೆ ಹೊರಡುವ ಬೆಳಕು ಗಾಜಿನ ಲಂಬಕ್ಕೆ ಸುಮಾರು 48.6 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದರೆ ಹೊರಗೆ ಹೋಗುವುದೇ ಇಲ್ಲ, ಪೂರ್ತಿಯಾಗಿ ಒಳಕ್ಕೆ ಮರಳುತ್ತದೆ. ತೊಟ್ಟಿಯ ದೀಪ ಮೇಲಿರುತ್ತದೆ. ಅದರ ಬೆಳಕು ಹಿಂದಿನ ಗಾಜಿಗೆ ತೀರ ಓರೆಯಾಗಿಯೇ ಬೀಳುತ್ತದೆ. ಹೀಗಾಗಿ ಅದರಲ್ಲಿ ಹೆಚ್ಚಿನ ಪಾಲು ಗಾಜನ್ನು ದಾಟಿ ಪೋಸ್ಟರನ್ನು ಮುಟ್ಟುವುದೇ ಇಲ್ಲ. ಬೆಳಕು ಬೀಳದ ಚಿತ್ರ ಮಂಕಾಗಿ ಕಾಣದೆ ಇನ್ನೇನಾದೀತು?

ಮೀನಿನ ಮಟ್ಟಿಗೆ ಇದರ ಪರಿಣಾಮ ಇನ್ನೂ ದೊಡ್ಡದು. ಗಾಳಿಯ ಪದರ ಇರುವವರೆಗೂ ಓರೆಯಾಗಿ ನೋಡುವ ಮೀನಿಗೆ ಆ ಗಾಜು ಕನ್ನಡಿಯೇ. ಹಿಂದೆ ಪೋಸ್ಟರ್ ನೇತುಹಾಕಿದ್ದೇವೆ, ಇನ್ನು ಪ್ರತಿಬಿಂಬದ ಕಾಟವಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ. ಮೀನಿಗೆ ಅಲ್ಲಿ ತನ್ನದೇ ಜಾತಿಯ ಇನ್ನೊಂದು ಮೀನು ಕಾಣುತ್ತಲೇ ಇರುತ್ತದೆ. ಗಾಜಿಗೆ ನೇರವಾಗಿ ಬಳಿದ ಬಣ್ಣ ಅಥವಾ ಗಾಳಿ ಇಲ್ಲದಂತೆ ಕೂರಿಸಿದ ಹಾಳೆ ಮಾತ್ರ ಆ ಕನ್ನಡಿಯನ್ನು ತೆಗೆದುಹಾಕುತ್ತದೆ.

ಹಾಗಾದರೆ ಗಾಳಿ ಉಳಿಯದಂತೆ ಅಂಟಿಸುವುದು ಹೇಗೆ?

ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ಗಾಜಿನದು ಸುಮಾರು 1.52, ಗ್ಲಿಸರಿನ್‌ನದು 1.47, ಗಾಳಿಯದು 1. ಗಾಜಿಗೆ ಹತ್ತಿರವಾದ ಇಂಥ ದ್ರವವೊಂದು ನಡುವಿನ ಜಾಗವನ್ನು ತುಂಬಿದರೆ ಬೆಳಕಿಗೆ ಅಲ್ಲೊಂದು ಗಡಿ ಇದೆ ಎಂದೇ ತಿಳಿಯುವುದಿಲ್ಲ. ಅಡುಗೆ ಎಣ್ಣೆಯಿಂದಲೂ ಇದೇ ಕೆಲಸ ಆಗುತ್ತದೆ, ಆದರೆ ಕೆಲವು ತಿಂಗಳಲ್ಲಿ ಅದು ಜಿಗುಟಾಗಿ, ಕಮಟು ವಾಸನೆ ಬಂದು, ಇರುವೆಗಳನ್ನು ಕರೆಯುತ್ತದೆ. ಗ್ಲಿಸರಿನ್ ಬೇಗ ಒಣಗುವುದಿಲ್ಲ, ಬೇಡವಾದಾಗ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಹಾಗಾಗಿ ನನ್ನ ಮತ ಅದಕ್ಕೆ.

ಮೊದಲು ಹಿಂದಿನ ಗಾಜಿನ ಹೊರಮೈಯನ್ನು ವಿನೆಗರ್ ಹಚ್ಚಿ ಉಜ್ಜಿ. ಗಡಸು ನೀರಿನ ಬಿಳಿ ಕಲೆ ಒಂದಿಷ್ಟು ಉಳಿದರೂ ಆಮೇಲೆ ಅದು ಶಾಶ್ವತ. ಪೋಸ್ಟರನ್ನು ಗಾಜಿಗಿಂತ ಎರಡು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ಕೂರಿಸಿದ ಮೇಲೆ ಅಂಚು ಸರಿಮಾಡಿ. ಗಾಜಿನ ಮೇಲೆ ಗ್ಲಿಸರಿನ್ ತೆಳ್ಳಗೆ ಸವರಿ. ಅಂಚಿನ ಸಿಲಿಕೋನ್ ಬೆಸುಗೆಗೆ ತಾಗದಂತೆ ಒಂದು ಬೆರಳಿನಷ್ಟು ಜಾಗ ಬಿಡಿ. ಚಿತ್ರದ ಮುಖ ಗಾಜಿಗೆ ಬರುವಂತೆ ಹಾಳೆಯನ್ನು ಮೇಲಿನಿಂದ ಇಳಿಬಿಟ್ಟು, ಪ್ಲಾಸ್ಟಿಕ್ ಕಾರ್ಡಿಗೆ ಮೆತ್ತನೆಯ ಬಟ್ಟೆ ಸುತ್ತಿ, ನಡುವಿನಿಂದ ಅಂಚಿನ ಕಡೆಗೆ ತೀಡಿ. ಗಾಳಿಗುಳ್ಳೆ ಸರಿಯುತ್ತ ಹೋದಂತೆ ಅದರ ಹಿಂದೆಯೇ ಬಣ್ಣ ತಟ್ಟನೆ ಗಾಢವಾಗುವುದನ್ನು ಮುಂದಿನಿಂದ ಯಾರಾದರೂ ನೋಡುತ್ತಿದ್ದರೆ ಅವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ನಾನು ಮೊದಲ ಸಲ ಇದನ್ನು ಮಾಡಿದಾಗ ಅರ್ಧ ಗಾಜಿಗೆ ಮಾತ್ರ ಗ್ಲಿಸರಿನ್ ಸಾಲಿತ್ತು. ಒಂದೇ ಪೋಸ್ಟರಿನಲ್ಲಿ ಎಡಗಡೆ ಕಗ್ಗತ್ತಲು, ಬಲಗಡೆ ಬೂದಿ, ನಡುವೆ ಎಳೆದಂತೆ ಒಂದು ಗೆರೆ. ಆ ರಾತ್ರಿ ಮೀನುಗಳೆಲ್ಲ ಎಡಗಡೆಯೇ ನಿಂತಿದ್ದವು.

ಕೊನೆಗೆ ನಾಲ್ಕೂ ಅಂಚಿಗೆ ಟೇಪ್ ಹಾಕಿ. ಅದರಲ್ಲೂ ಮೇಲಿನ ಅಂಚಿಗೆ ತಪ್ಪದೆ ಹಾಕಿ, ಏಕೆಂದರೆ ನೀರು ಬದಲಿಸುವಾಗ ಚೆಲ್ಲಿದ ಹನಿ ಅಲ್ಲಿಂದಲೇ ಇಳಿದು ಕಲೆ ಕಟ್ಟುತ್ತದೆ. ಇದೆಲ್ಲ ಪ್ಲಾಸ್ಟಿಕ್ ಹಾಳೆಯ ಪೋಸ್ಟರಿಗೆ ಮಾತ್ರ. ಕಾಗದದ ಪೋಸ್ಟರ್ ಗ್ಲಿಸರಿನ್ ಕುಡಿದು ಹಾಳಾಗುತ್ತದೆ. ಹಿಂಬದಿಗೆ ಅಂಟು ಇರುವ ವಿನೈಲ್ ಸ್ಟಿಕರ್ ಆದರೆ ಗಾಜಿಗೆ ಸೋಪಿನ ನೀರು ಸಿಂಪಡಿಸಿ, ಅದರ ಮೇಲೆ ಕೂರಿಸಿ ತೀಡಿದರೆ ಸಾಕು.

ಚಿತ್ರವಿರುವ ಪೋಸ್ಟರ್ ಹಾಕುವುದು ತಪ್ಪೇ?

ತಪ್ಪಲ್ಲ. ಆದರೆ ಚಿತ್ರ ಹೆಚ್ಚು ಮಾತನಾಡಿದಷ್ಟೂ ಮೀನಿನ ಮಾತು ಕೇಳಿಸುವುದಿಲ್ಲ. ಹವಳದ ದಿಬ್ಬದ ಚಿತ್ರದ ಮುಂದೆ ಗೋಲ್ಡ್‌ಫಿಶ್ ಈಜುವುದನ್ನು ನೋಡಿದಾಗ ನನಗೆ ಕಸಿವಿಸಿಯಾಗುತ್ತದೆ, ಏಕೆಂದರೆ ಹವಳ ಉಪ್ಪುನೀರಿನದು, ಗೋಲ್ಡ್‌ಫಿಶ್ ಸಿಹಿನೀರಿನದು. ಮಕ್ಕಳು ಅದನ್ನು ನೋಡುತ್ತಲೇ ಬೆಳೆಯುತ್ತಾರೆ. ಚಿತ್ರದಲ್ಲೇ ಮೀನುಗಳಿರುವ ಪೋಸ್ಟರನ್ನಂತೂ ಬಿಟ್ಟುಬಿಡಿ. ಎಂದೂ ಅಲುಗಾಡದ ಆ ಮೀನುಗಳ ಮುಂದೆ ಜೀವಂತ ಮೀನುಗಳು ಅಂಟಿಸಿದ ಹಾಗೆ ಕಾಣುತ್ತವೆ.

ಚಿತ್ರವೇ ಬೇಕೆಂದಿದ್ದರೆ ಅಳತೆಯನ್ನು ನೋಡಿ. 30 ಸೆಂಟಿಮೀಟರ್ ಎತ್ತರದ ತೊಟ್ಟಿಯ ಹಿಂದೆ ಆಳೆತ್ತರದ ಬಂಡೆಗಳ ಚಿತ್ರವಿದ್ದರೆ ಮುಂದಿನ ಗಿಡಗಳು ಆಟಿಕೆಯಂತಾಗುತ್ತವೆ. ಗಮನ ಸೆಳೆಯುವ ವಸ್ತುವಿಲ್ಲದ, ಸ್ವಲ್ಪ ಮಸುಕಾದ, ಬೇರುಗಳೋ ನೆರಳಿನ ಬಂಡೆಯೋ ಇರುವ ಚಿತ್ರ ಆರಿಸಿ. ಹಾಳೆಯ ಎರಡೂ ಬದಿಗೆ ಬೇರೆ ಬೇರೆ ಮುದ್ರಣವಿದ್ದರೆ ಅನುಕೂಲ, ಮನಸ್ಸು ಬದಲಾದರೆ ತಿರುಗಿಸಬಹುದು. ನೇರ ಬಿಸಿಲು ಬೀಳುವಲ್ಲಿ ಎಂಥ ಮುದ್ರಣವೂ ಮಾಸುತ್ತದೆ.

ಪೋಸ್ಟರನ್ನು ತೊಟ್ಟಿಯ ಒಳಗೆ ಹಾಕಬಹುದೇ?

ಬೇಡ. ಮುದ್ರಣದ ಶಾಯಿ ನೀರಿಗೆ ಬಿಡಬಹುದು, ಹಾಳೆಯ ಹಿಂದೆ ನೀರು ನಿಂತು ಕೊಳೆಯುತ್ತದೆ, ಸಣ್ಣ ಮೀನು ಒಳನುಗ್ಗಿ ಸಿಕ್ಕಿಬೀಳುತ್ತದೆ.

ಹಿಂದಿನ ಗಾಜಿಗೆ ನೇರವಾಗಿ ಬಣ್ಣ ಬಳಿಯಬಹುದೇ?

ಖಂಡಿತ. ಒಂದೇ ಬಣ್ಣ ಸಾಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂದೇ ನನ್ನ ಅನುಭವ. ಗಾಳಿಯ ಪದರ ಇರುವುದಿಲ್ಲ, ನೀರು ನುಗ್ಗುವ ಸಂದು ಇರುವುದಿಲ್ಲ, ಸುಕ್ಕು ಬೀಳುವುದಿಲ್ಲ. ಬಣ್ಣ ಹೊರಮೈಗೆ ಮಾತ್ರ, ಒಳಗೆ ಎಂದೂ ಅಲ್ಲ. ಗೋಡೆಗೆ ಬಳಿಯುವ, ನೀರಿನಲ್ಲಿ ಕಲಸುವ ಅಕ್ರಿಲಿಕ್ ಎಮಲ್ಷನ್ ಸಾಕು. ತೊಟ್ಟಿ ಖಾಲಿ ಇರುವಾಗ ಹಿಂದಿನ ಗಾಜು ಮೇಲಕ್ಕೆ ಬರುವಂತೆ ಮೆತ್ತನೆಯ ಹಾಸಿನ ಮೇಲೆ ಮಲಗಿಸಿ, ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಾಕಿ, ಸಣ್ಣ ರೋಲರ್‌ನಿಂದ ತೆಳ್ಳಗೆ ಬಳಿಯಿರಿ.

ಮೊದಲ ಸಲ ಬಳಿದಾಗ ಎದೆ ಒಡೆಯುತ್ತದೆ. ಪಟ್ಟೆ ಪಟ್ಟೆಯಾಗಿ, ಅಲ್ಲಲ್ಲಿ ಬೆಳಕು ತೂರಿ, ಕೆಲಸ ಕೆಟ್ಟಿತು ಎನಿಸುತ್ತದೆ. ಆಗ ಗಾಬರಿಯಾಗಿ ದಪ್ಪಗೆ ಮೆತ್ತಬೇಡಿ. ಒಣಗಲು ಬಿಟ್ಟು ಎರಡನೆಯದು, ಮತ್ತೆ ಒಣಗಿದ ಮೇಲೆ ಮೂರನೆಯದು, ಬೇಕಿದ್ದರೆ ನಾಲ್ಕನೆಯದು ಬಳಿಯಿರಿ. ಕೊನೆಯ ಪದರ ಅರೆ ಒಣಗಿರುವಾಗಲೇ ಟೇಪ್ ಎಳೆದರೆ ಅಂಚು ನೀಟಾಗಿ ಬರುತ್ತದೆ. ಮುಂದೆ ಬೇಡವೆನಿಸಿದರೆ ಬ್ಲೇಡಿನಿಂದ ಕೆರೆದರೆ ಹಾಳೆ ಹಾಳೆಯಾಗಿ ಏಳುತ್ತದೆ. ಆದರೆ ಇದು ಗಾಜಿನ ತೊಟ್ಟಿಯ ಮಾತು. ಅಕ್ರಿಲಿಕ್ ತೊಟ್ಟಿಗೆ ಬ್ಲೇಡ್ ತಾಗಿಸಿದರೆ ಗೀರು ಬೀಳುತ್ತದೆ, ಅದಕ್ಕೆ ಸ್ಟಿಕರೇ ಮೇಲು.

ಬಂಡೆಯಂತೆ ಕಾಣುವ ಮೂರು ಆಯಾಮದ ಹಿನ್ನೆಲೆ ಹಾಕಬೇಕೆಂದಿದ್ದೇನೆ. ಏನು ನೋಡಬೇಕು?

ಚೆನ್ನಾಗಿ ಮಾಡಿದ್ದಾದರೆ ಇದರ ಸೊಗಸಿಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಸಂದುಗೊಂದುಗಳಲ್ಲಿ ಅಡಗಿ ಇಣುಕುವ ಸಿಕ್ಲಿಡ್ ಮೀನುಗಳಿಗೆ ಇದು ನಿಜವಾದ ಮನೆಯೇ. ಆದರೆ ಮೊದಲು ಲೆಕ್ಕ ಹಾಕಿ. 100 ಸೆಂಟಿಮೀಟರ್ ಉದ್ದ, 40 ಅಗಲ, 50 ಎತ್ತರದ ತೊಟ್ಟಿ 200 ಲೀಟರಿನದು. ಅದರೊಳಗೆ ಸರಾಸರಿ 6 ಸೆಂಟಿಮೀಟರ್ ದಪ್ಪದ ಗಟ್ಟಿ ಹಿನ್ನೆಲೆ ಕೂತರೆ 30 ಲೀಟರ್ ನೀರಿನ ಜಾಗ ಹೋಯಿತು. ಅಷ್ಟು ಕಡಿಮೆ ಮೀನು ಸಾಕಬೇಕು, ಔಷಧಿ ಹಾಕುವಾಗಲೂ 200 ಲೀಟರಿಗಲ್ಲ, ಉಳಿದ ನೀರಿಗೆ ಮಾತ್ರ ಹಾಕಬೇಕು. ಮುಂದಿನಿಂದ ಹಿಂದಕ್ಕೆ 30 ಸೆಂಟಿಮೀಟರಿಗಿಂತ ಕಡಿಮೆ ಇರುವ ತೊಟ್ಟಿಗೆ ದಪ್ಪದ ಹಿನ್ನೆಲೆ ಬೇಡವೇ ಬೇಡ, ಮೀನಿಗೆ ತಿರುಗಲು ಓಣಿ ಮಾತ್ರ ಉಳಿಯುತ್ತದೆ.

ಎರಡನೆಯದು ತೇಲುವ ಬಲ. ಫೋಮಿನಿಂದ ಮಾಡಿದ ಆ 30 ಲೀಟರ್ ಗಾತ್ರದ ಹಿನ್ನೆಲೆ ತೂಗುವುದು ಒಂದೆರಡು ಕಿಲೋ ಇರಬಹುದು, ಆದರೆ ನೀರು ಅದನ್ನು ಮೇಲಕ್ಕೆ ತಳ್ಳುವ ಬಲ 30 ಕಿಲೋ ತೂಕಕ್ಕೆ ಸಮ. ಕೆಳಗೆ ಒಂದೆರಡು ಕಲ್ಲು ಒತ್ತರಿಸಿಟ್ಟರೆ ನಿಲ್ಲುತ್ತದೆ ಎಂದುಕೊಂಡವರ ತೊಟ್ಟಿಯಲ್ಲಿ ಅದು ಮಧ್ಯರಾತ್ರಿ ಎದ್ದು, ಗಿಡ ಮರಳು ಸಮೇತ ಮೇಲೆ ಬಂದು ತೇಲಿದೆ. ಆದ್ದರಿಂದ ಖಾಲಿ ತೊಟ್ಟಿಯಲ್ಲೇ ಸಿಲಿಕೋನ್ ಹಾಕಿ ಗಾಜಿಗೆ ಅಂಟಿಸಬೇಕು. ಶಿಲೀಂಧ್ರನಾಶಕ ಬೆರೆಸಿದ ಸ್ನಾನದ ಕೋಣೆಯ ಸಿಲಿಕೋನ್ ಮೀನಿಗೆ ವಿಷ, ಅಕ್ವೇರಿಯಂಗೆಂದೇ ಇರುವುದನ್ನು ಕೇಳಿ ಕೊಳ್ಳಿ. ವಿನೆಗರಿನಂಥ ವಾಸನೆ ಪೂರ್ತಿ ಹೋಗುವವರೆಗೆ ನೀರು ತುಂಬಬೇಡಿ. ತೆಳುವಾಗಿದ್ದರೆ ಎರಡು ದಿನ, ದಪ್ಪ ಉಂಡೆಗಳಿದ್ದರೆ ಒಂದು ವಾರ.

ಇನ್ನೊಂದು ಸಣ್ಣ ಮಾತು: ತೊಟ್ಟಿಯ ಮೇಲಂಚಿನಲ್ಲಿ ಗಾಜಿನ ಪಟ್ಟಿ ಇದ್ದರೆ ಇಡೀ ಹಿನ್ನೆಲೆ ಒಂದೇ ತುಂಡಾಗಿ ಒಳಗೆ ಇಳಿಯುವುದಿಲ್ಲ. ಮನೆಗೆ ತಂದ ಮೇಲೆ ಇದು ತಿಳಿದರೆ ಬಹಳ ಸಂಕಟ. ಮೊದಲೇ ಅಳೆದು, ಎರಡು ಮೂರು ತುಂಡಾಗಿ ಬರುವುದನ್ನೇ ಆರಿಸಿ.

ಹಿನ್ನೆಲೆಯ ಹಿಂದೆ ಮೀನು ಸಿಕ್ಕಿಕೊಳ್ಳುವುದನ್ನು ತಡೆಯುವುದು ಹೇಗೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಸಲ ನಮ್ಮ ಮನೆಯ ತೊಟ್ಟಿಯಲ್ಲಿ ಕುಹ್ಲಿ ಲೋಚ್ ಎಂಬ ಹಾವಿನಂತೆ ಸಪೂರವಾದ ಒಂದು ಮೀನು ಕಾಣೆಯಾಯಿತು. ಮರಳಿನಲ್ಲಿ ಹೂತುಕೊಂಡಿರಬೇಕು ಎಂದು ಸುಮ್ಮನಿದ್ದೆ. ನಾಲ್ಕು ದಿನದ ಮೇಲೆ ನೀರು ಮಬ್ಬಾಯಿತು, ಕೊಳೆತದ್ದರಿಂದ ಹುಟ್ಟುವ ವಿಷವಾದ ಅಮೋನಿಯಾ ಏರಿತು. ಟಾರ್ಚ್ ಹಿಡಿದು ಪಕ್ಕದ ಗಾಜಿನಿಂದ ನೋಡಿದರೆ ಹಿನ್ನೆಲೆಗೂ ಗಾಜಿಗೂ ನಡುವಿನ ಒಂದು ಬೆರಳಿನಷ್ಟು ಸಂದಿನಲ್ಲಿ ಅದು ಸತ್ತು ಬಿದ್ದಿತ್ತು. ಹೊರಗೆ ಬರಲು ಹುಡುಕಿದ ದಾರಿ ಅದಕ್ಕೆ ಸಿಕ್ಕಿರಲಿಲ್ಲ.

ಸುತ್ತಲೂ ಸಿಲಿಕೋನ್‌ನಿಂದ ಪೂರ್ತಿ ಮುಚ್ಚಿಬಿಡುವುದು ಒಂದು ದಾರಿ. ಫಿಲ್ಟರ್, ಹೀಟರ್ ಹಿಂದೆಯೇ ಇಡಬೇಕೆಂದಿದ್ದರೆ ನೀರು ಓಡಾಡಲು ತೂತುಗಳು ಬೇಕೇ ಬೇಕು. ಆಗ ಪ್ರತಿ ತೂತಿಗೂ ಪ್ಲಾಸ್ಟಿಕ್ ಜಾಲರಿ ಹಾಕಿ, ಮೇಲ್ಭಾಗದ ತೆರವನ್ನೂ ಮುಚ್ಚಿ. ಮರಿ ಹಾಕುವ ಗಪ್ಪಿ, ಸಿಗಡಿ ಸಾಕುವವರು ಜಾಲರಿಯ ಕಣ್ಣು ಎಷ್ಟು ಸಣ್ಣದಿದ್ದರೂ ನಂಬುವಂತಿಲ್ಲ. ಅಂಥವರಿಗೆ ಮುಚ್ಚಿದ ಹಿನ್ನೆಲೆಯೇ ಸರಿ.

ಥರ್ಮಾಕೋಲ್ ಕೆತ್ತಿ ಮನೆಯಲ್ಲೇ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದು, ತಾಳ್ಮೆ ಇದ್ದವರಿಗೆ ಇದು ಬಹಳ ಸಂತೋಷದ ಕೆಲಸ. ಥರ್ಮಾಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಚಾಕುವಿನಿಂದ ಬಂಡೆಯ ಪದರಗಳಂತೆ ಕೆತ್ತಿ, ಮೇಲೆ ಸಿಮೆಂಟಿನ ತೆಳು ಲೇಪ ಕೊಡುತ್ತಾರೆ. ಮೊದಲ ಲೇಪ ಗಂಜಿಯಷ್ಟು ತೆಳುವಾಗಿರಲಿ, ಆಗ ಅದು ಕಾಳುಗಳ ನಡುವೆ ಇಳಿಯುತ್ತದೆ. ಆಮೇಲಿನ ಎರಡು ಮೂರು ಲೇಪಗಳಿಗೆ ಸಿಮೆಂಟ್ ಬಣ್ಣ ಬೆರೆಸಿ, ಗುಂಡಿಗಳಲ್ಲಿ ಗಾಢ, ಉಬ್ಬುಗಳಲ್ಲಿ ತಿಳಿ ಬಣ್ಣ ಕೊಡಿ.

ಹೊಸ ಸಿಮೆಂಟ್ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರಿಸುತ್ತದೆ. ಅದನ್ನು ವಾರಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟು, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತ ಹೋಗಬೇಕು. ಹೊಸ ನೀರಿನ ಪಿಎಚ್ ಹಲವು ದಿನ ಕಳೆದರೂ ಏರದೆ ನಿಂತಿತು ಎಂದು ಪರೀಕ್ಷೆಯಲ್ಲಿ ಖಾತ್ರಿಯಾದ ಮೇಲಷ್ಟೇ ಮೀನು. ಸಿಮೆಂಟಿನ ಬದಲು ಎಪಾಕ್ಸಿ ಲೇಪ ಕೊಡುವವರೂ ಇದ್ದಾರೆ, ಅದು ಪೂರ್ತಿ ಗಟ್ಟಿಯಾಗುವವರೆಗೆ ಕಾಯಬೇಕು. ಲೇಪವಿಲ್ಲದ ಥರ್ಮಾಕೋಲನ್ನು ಮಾತ್ರ ಹಾಗೆಯೇ ಬಿಡಬೇಡಿ. ದೊಡ್ಡ ಸಕರ್ ಮೀನು, ಸಿಕ್ಲಿಡ್, ಆಮೆ ಇವು ಅದನ್ನು ಕೆರೆದು ಕಚ್ಚಿ ಕಾಳು ಕಾಳಾಗಿ ಬಿಡಿಸುತ್ತವೆ, ಆ ಕಾಳು ಮೀನಿನ ಬಾಯಿಗೂ ಫಿಲ್ಟರಿಗೂ ಹೋಗುತ್ತದೆ.

ನಿಜವಾದ ಕಲ್ಲು, ಮರದ ತೊಗಟೆ ಬಳಸಿದರೆ?

ಸ್ಲೇಟ್ ಕಲ್ಲಿನ ತೆಳು ಹಲಗೆಗಳು ಒಳ್ಳೆಯವು, ಅವು ನೀರಿನ ಗುಣ ಕೆಡಿಸುವುದಿಲ್ಲ. ಇದು ಹೊಸ ಯೋಚನೆಯೂ ಅಲ್ಲ. ಗಾಜಿನ ಅಕ್ವೇರಿಯಂ ಮನೆಗಳಿಗೆ ಬರುತ್ತಿದ್ದ 1850ರ ದಶಕದಲ್ಲೇ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮುಂದೆ ಗಾಜು, ಹಿಂದೆ ಇಳಿಜಾರಾದ ಸ್ಲೇಟ್ ಇರುವ ತೊಟ್ಟಿಯನ್ನು ರೂಪಿಸಿದ್ದರು. ಬೆಳಕು ಹೊಳೆಯಲ್ಲಿ ಬರುವಂತೆ ಮೇಲಿನಿಂದ ಮಾತ್ರ ಬರಲಿ ಎಂಬುದು ಅದರ ಹಿಂದಿನ ವಿಚಾರ. ಸುಣ್ಣಕಲ್ಲು, ಅಮೃತಶಿಲೆ ಮಾತ್ರ ನೀರಿನ ಗಡಸುತನವನ್ನೂ ಪಿಎಚ್ಅನ್ನೂ ಏರಿಸುತ್ತವೆ. ಸಂಶಯವಿದ್ದರೆ ಕಲ್ಲಿನ ಮೇಲೆ ವಿನೆಗರ್ ಹನಿಸಿ, ನೊರೆ ಬಂದರೆ ಅದು ಬೇಡ. ಕಲ್ಲಿನ ತೂಕ ತೊಟ್ಟಿಯ ತಳಕ್ಕೂ ಸ್ಟ್ಯಾಂಡಿಗೂ ಬೀಳುತ್ತದೆ ಎಂಬುದು ನೆನಪಿರಲಿ. ಕಾರ್ಕ್ ತೊಗಟೆ ನೋಡಲು ಚೆಂದ, ಆದರೆ ಫೋಮಿನಷ್ಟೇ ಹಟದಿಂದ ತೇಲುತ್ತದೆ, ಮೊದಮೊದಲು ನೀರಿಗೆ ಕಂದು ಬಣ್ಣವನ್ನೂ ಬಿಡುತ್ತದೆ.

ಗಿಡಗಳನ್ನೇ ಹಿನ್ನೆಲೆ ಮಾಡಬಹುದಲ್ಲವೇ?

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಹಿನ್ನೆಲೆ ಅದೇ. ಎರಡು ಪ್ಲಾಸ್ಟಿಕ್ ಜಾಲರಿಗಳ ನಡುವೆ ಜಾವಾ ಮಾಸ್ ಎಂಬ ನೀರಿನ ಹಾವಸೆಯನ್ನು ತೆಳ್ಳಗೆ ಹರಡಿ, ಅಂಚುಗಳನ್ನು ಮೀನು ಹಿಡಿಯುವ ದಾರದಿಂದ ಹೊಲಿದು, ರಬ್ಬರಿನ ಹೀರುಬಟ್ಟಲುಗಳಿಂದ ಹಿಂದಿನ ಗಾಜಿಗೆ ಸಿಕ್ಕಿಸುತ್ತಾರೆ. ಮೊದಲ ತಿಂಗಳು ಅದು ಜಾಲರಿಯಾಗಿಯೇ ಕಾಣುತ್ತದೆ, ಬಂದವರೆಲ್ಲ ಇದೇನೆಂದು ಕೇಳುತ್ತಾರೆ. ಎರಡು ಮೂರು ತಿಂಗಳಲ್ಲಿ ಎಳೆಗಳು ಕಣ್ಣುಗಳಿಂದ ಹೊರಬಂದು ಹಸಿರು ಗೋಡೆಯಾಗುತ್ತದೆ. ಮರಿಗಳಿಗೂ ಸಿಗಡಿಗಳಿಗೂ ಅದರೊಳಗೇ ಆಹಾರ, ಅಲ್ಲೇ ಆಸರೆ. ದಪ್ಪವಾಗಲು ಬಿಡದೆ ಕತ್ತರಿಸುತ್ತಿರಬೇಕು. ಇಲ್ಲವಾದರೆ ಒಳಪದರಕ್ಕೆ ಬೆಳಕು ತಲುಪದೆ ಸತ್ತು, ಒಂದು ದಿನ ಇಡೀ ತುಂಡೇ ಕಳಚಿ ಬೀಳುತ್ತದೆ.

ಕಲ್ಲು ಅಥವಾ ಫೋಮಿನ ಹಿನ್ನೆಲೆ ಇದ್ದರೆ ಅನೂಬಿಯಾಸ್, ಜಾವಾ ಫರ್ನ್‌ನಂಥ ಗಿಡಗಳನ್ನು ಜೆಲ್ ರೂಪದ ಸೂಪರ್ ಗ್ಲೂನಿಂದ ಅದಕ್ಕೇ ಅಂಟಿಸಬಹುದು. ಗಟ್ಟಿಯಾದ ಮೇಲೆ ಆ ಅಂಟಿನಿಂದ ಮೀನಿಗೆ ತೊಂದರೆಯಿಲ್ಲ.

ಹಿಂದಿನಿಂದ ಬೆಳಕು ಬರುವ ಮಂಜುಗಾಜಿನ ಹಿನ್ನೆಲೆ ಹೇಗೆ?

ಜಪಾನಿನ ತಕಾಶಿ ಅಮಾನೊ (1954–2015) ರೂಪಿಸಿದ ನೇಚರ್ ಅಕ್ವೇರಿಯಂ ಶೈಲಿಯಿಂದ ಪ್ರೇರಣೆ ಪಡೆದವರು ಹೆಚ್ಚಾಗಿ ಆರಿಸುವುದು ಇಂಥ ಖಾಲಿ, ತಿಳಿಯಾದ ಹಿನ್ನೆಲೆಯನ್ನೇ. ಮಂಜುಗಾಜಿನಂಥ ಸ್ಟಿಕರ್ ಅಂಟಿಸಿ ಅದರ ಹಿಂದೆ ಎಲ್‌ಇಡಿ ಪಟ್ಟಿ ಇಟ್ಟರೆ ಮುಂಜಾವಿನ ಆಕಾಶದ ಮುಂದೆ ಗಿಡಗಳು ನಿಂತಂತೆ ಕಾಣುತ್ತದೆ. ಫೋಟೊಗೆ ಅದ್ಭುತ. ಆದರೆ ಕಾಡಿನಂತೆ ಗಿಡಗಳು ತುಂಬಿದ ತೊಟ್ಟಿಗೆ ಒಪ್ಪುವಷ್ಟು ನಾಲ್ಕೇ ಮೀನುಗಳ ಬೋಳು ತೊಟ್ಟಿಗೆ ಇದು ಒಪ್ಪುವುದಿಲ್ಲ. ಹಿಂದಿನ ದೀಪವನ್ನು ರಾತ್ರಿಯಿಡೀ ಉರಿಸಬೇಡಿ, ಗಾಜಿಗೆ ಪಾಚಿ ಹಿಡಿಯುತ್ತದೆ, ಮೀನಿಗೆ ಕತ್ತಲೆ ಸಿಗುವುದಿಲ್ಲ.

ಈಗಾಗಲೇ ನೀರು ತುಂಬಿ ಮೀನು ಬಿಟ್ಟಾಗಿದೆ. ಹಿನ್ನೆಲೆ ಹಾಕಲು ಆಗುತ್ತದೆಯೇ?

ಹೊರಗಿನಿಂದ ಹಾಕುವುದಾದರೆ ಆಗುತ್ತದೆ, ಹಿಂದೆ ಕೈ ಹೋಗುವಷ್ಟು ಜಾಗವಿರಬೇಕು. ಜಾಗವಿಲ್ಲವೆಂದು ತುಂಬಿದ ತೊಟ್ಟಿಯನ್ನು ತಳ್ಳಬೇಡಿ. 100 ಲೀಟರ್ ಎಂದರೆ ನೀರೇ 100 ಕಿಲೋ, ಸ್ವಲ್ಪ ತಿರುಚಿದರೂ ಬೆಸುಗೆ ಬಿಡಬಹುದು. ಗೋಡೆಗೂ ಗಾಜಿಗೂ ನಡುವೆ ಎರಡೇ ಬೆರಳಿನ ಸಂದಿದ್ದರೆ ತೆಳುವಾದ ಪ್ಲಾಸ್ಟಿಕ್ ಹಲಗೆಗೆ ಕಪ್ಪು ಹಾಳೆ ಅಂಟಿಸಿ ಮೇಲಿನಿಂದ ಇಳಿಬಿಡಿ. ಕನ್ನಡಿಯ ತೊಂದರೆ ಹೋಗುವುದಿಲ್ಲ, ಆದರೆ ನೆರಳು ಮತ್ತು ಓಡಾಟದಿಂದಾಗುವ ಗಾಬರಿ ತಪ್ಪುತ್ತದೆ.

ಪಕ್ಕದ ಗಾಜುಗಳಿಗೂ ಹಾಕಬೇಕೇ?

ಒಂದು ಪಕ್ಕ ಗೋಡೆಗೋ ಕಿಟಕಿಗೋ ಇದ್ದರೆ ಹಾಕಿ. ಕಿಟಕಿಯ ಬೆಳಕು ನಿಂತರೆ ಪಾಚಿಯೂ ಕಡಿಮೆಯಾಗುತ್ತದೆ. ಅಂಜುಬುರುಕ ಮೀನುಗಳಿಗೆ ಮೂರು ಬದಿ ಮುಚ್ಚಿದ ತೊಟ್ಟಿ ಬಹಳ ಹಿತ. ಹೊಸದಾಗಿ ತಂದ ಅಥವಾ ಕಾಯಿಲೆಯ ಮೀನನ್ನು ಪ್ರತ್ಯೇಕವಾಗಿಡುವ ತೊಟ್ಟಿಗಂತೂ ಮೂರು ಬದಿಗೂ ಬರಿಯ ಕಾಗದ ಸುತ್ತಿದರೂ ಸಾಕು.

ಒಳಗಿನ ಹಿನ್ನೆಲೆಗೆ ಪಾಚಿ ಹಿಡಿದರೆ?

ಮೊದಲ ಕೆಲವು ವಾರ ಕಂದು ಪುಡಿಯಂಥ ಪದರ ಕೂರುತ್ತದೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ನೀರು ಬದಲಿಸುವಾಗ ಹೀರಿ ತೆಗೆಯಿರಿ. ಆಮೇಲೆ ಬರುವ ತೆಳು ಹಸಿರನ್ನು ನಾನು ಮುಟ್ಟುವುದಿಲ್ಲ. ಫ್ಯಾಕ್ಟರಿಯ ಬಣ್ಣ ಮಾಸಿ ಕಲ್ಲು ಕಲ್ಲಿನಂತೆ ಕಾಣತೊಡಗುವುದು ಆಗಲೇ. ಸಮುದ್ರದ ನೀರಿನ ತೊಟ್ಟಿಯಲ್ಲಿ ಇದೇ ಕೆಲಸವನ್ನು ಕೆನ್ನೇರಳೆ ಬಣ್ಣದ ಕೋರಲೈನ್ ಪಾಚಿ ಮಾಡುತ್ತದೆ. ಕಾಲಕ್ರಮದಲ್ಲಿ ಅದು ಹಿಂದಿನ ಗಾಜನ್ನೇ ಮುಚ್ಚುವುದರಿಂದ ಅಲ್ಲಿ ದುಬಾರಿ ಹಿನ್ನೆಲೆಗೆ ಹಣ ಸುರಿಯುವ ಅಗತ್ಯವಿಲ್ಲ. ಬ್ಲೀಚ್, ಸೋಪು ಯಾವುದನ್ನೂ ಒಳಗಿನ ಹಿನ್ನೆಲೆಗೆ ತಾಗಿಸಬೇಡಿ, ಅದರ ಸಣ್ಣ ರಂಧ್ರಗಳಲ್ಲಿ ಉಳಿದುಕೊಂಡು ಆಮೇಲೆ ನೀರಿಗೆ ಬಿಡುತ್ತದೆ.

ಹಿನ್ನೆಲೆ ಬದಲಿಸಿದ ಮೇಲೆ ಮೀನುಗಳು ಮೂಲೆ ಸೇರಿವೆ, ಊಟವನ್ನೂ ಮಾಡುತ್ತಿಲ್ಲ. ಏನು ಮಾಡಲಿ?

ಅವುಗಳ ಪಾಲಿಗೆ ಒಂದು ದಿಕ್ಕೇ ಬದಲಾಗಿದೆ. ಮೊದಲ ದಿನ ದೀಪ ಹಚ್ಚಬೇಡಿ, ಮರುದಿನ ಅರ್ಧ ಹೊತ್ತು ಹಚ್ಚಿ. ಆಹಾರವನ್ನು ಎಂದಿಗಿಂತ ಕಡಿಮೆ ಹಾಕಿ, ತಿನ್ನದೆ ಉಳಿದಿದ್ದನ್ನು ತೆಗೆದುಬಿಡಿ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಒಂದು ಧೈರ್ಯದ ಮೀನು ಹೊರಗೆ ಬರುತ್ತದೆ, ಉಳಿದವು ಅದನ್ನು ಹಿಂಬಾಲಿಸುತ್ತವೆ. ನಾಲ್ಕನೆಯ ದಿನವೂ ಹಾಗೆಯೇ ಇದ್ದರೆ, ಅಥವಾ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಹಿನ್ನೆಲೆಯ ಕಡೆ ನೋಡುತ್ತ ಕೂರಬೇಡಿ. ಅಮೋನಿಯಾ ಮತ್ತು ಪಿಎಚ್ ಪರೀಕ್ಷೆ ಮಾಡಿ, ಕಾಲು ಭಾಗ ನೀರು ಬದಲಿಸಿ. ಹೊಸ ಸಿಲಿಕೋನ್ ಅಥವಾ ಸಿಮೆಂಟ್ ಒಳಗೆ ಹೋಗಿದ್ದರೆ ಮೀನುಗಳನ್ನು ಅಂದೇ ಬೇರೆ ನೀರಿಗೆ ಸಾಗಿಸಿ.